ಹಾಸನ ಸೀಮೆಯವನು ಬೋಟ್ ಮೆಕ್ಯಾನಿಕ್ ಆಗಬಹುದಾ? ಮಲ್ಪೆಗೆ ಹೋಗ್ಲಾ, ಇಲ್ಲೇ ಇರ್ಲಾ?

ಆಲೂರು ಡೀಸೆಲ್:
ಎಲ್ರಿಗೂ ನಮಸ್ಕಾರ. ಬೋಟ್ ಎಂಜಿನ್ ರಿಪೇರಿಯನ್ನೇ ಕಸುಬು ಮಾಡ್ಕೊಳ್ಳೋ ಯೋಚ್ನೆ ಇದೆ. ಹಾಸನದಲ್ಲಿ ಐಟಿಐ ಮೆಕ್ಯಾನಿಕ್ ಡೀಸೆಲ್ ಆಗಿದೆ, ವಯಸ್ಸು 22. ಈಗ ಸಕಲೇಶಪುರದಲ್ಲಿ ಒಂದು ಗ್ಯಾರೇಜಲ್ಲಿ ಇದೀನಿ. ಬರೋದೆಲ್ಲ ತೋಟದ ಸಾಮಾನು. ಡೀಸೆಲ್ ಪಂಪ್‌ಸೆಟ್, ಸ್ಪ್ರೇ ಮೆಷಿನ್, ಕಳೆ ಹೊಡೆಯೋ ಮೆಷಿನ್, ಆಗಾಗ ಟಿಲ್ಲರ್. ಕಾಫಿ ಹೂವಿಗೆ ನೀರು ಹೊಡೆಸೋ ಫೆಬ್ರವರಿ-ಮಾರ್ಚಲ್ಲಿ ಊಟಕ್ಕೂ ಪುರುಸೊತ್ತಿರಲ್ಲ, ಆಮೇಲೆ ಕೆಲಸ ಕಮ್ಮಿ.

ಬೇಲೂರಿನ ಯಗಚಿ ಡ್ಯಾಮ್ ಹತ್ರ ಒಂದು ಔಟ್‌ಬೋರ್ಡ್ ಎಂಜಿನ್ (ಬೋಟಿನ ಹಿಂದೆ ಹೊರಗಡೆ ಸಿಕ್ಕಿಸೋದು) ಬಿಚ್ಚೋಕೆ ಓನರ್ ಜೊತೆ ಹೋಗಿದ್ದೆ. ರೇಡಿಯೇಟರ್ ಇಲ್ಲ, ಕೆಳಗಿಂದ ಡ್ಯಾಮ್ ನೀರನ್ನೇ ಎಳ್ಕೊಂಡು ತಣ್ಣಗಾಗುತ್ತೆ. ಗೇರು, ನೀರು ತಳ್ಳೋ ಫ್ಯಾನು (ಪ್ರೊಪೆಲ್ಲರ್) ಎಲ್ಲ ಕೆಳಗೆ ಇಳಿಬಿಟ್ಟಿರೋ ಒಂದೇ ಕಾಲಲ್ಲಿ. ಆವತ್ತಿಂದ ತಲೆಯಲ್ಲಿ ಅದೇ ಕೂತಿದೆ. ಮೂರು ವಿಷಯ ಗೊತ್ತಾಗ್ಬೇಕು. ಕಲಿಯೋಕೆ ಮಲ್ಪೆ ಅಥವಾ ಮಂಗಳೂರು ಬಂದರಿನ ಧಕ್ಕೆಗೇ ಹೋಗ್ಬೇಕಾ? ಸರ್ಟಿಫಿಕೇಟ್ ಕೋರ್ಸ್ ಏನಾದ್ರೂ ಇದ್ಯಾ? ಕಲಿತು ವಾಪಸ್ ಬಂದ್ರೆ ಹಾಸನ-ಚಿಕ್ಕಮಗಳೂರಲ್ಲಿ ಹೊಟ್ಟೆ ತುಂಬೋ ಅಷ್ಟು ಕೆಲಸ ಸಿಗುತ್ತಾ? ಮನೇಲಿ ಅಮ್ಮ ಒಪ್ತಾ ಇಲ್ಲ, ಸಮುದ್ರ ಅಂದ್ರೇನೇ ಭಯ ಅವ್ರಿಗೆ.

ಚನ್ನರಾಯಪಟ್ಟಣ ಎಕ್ಸ್‌ಪ್ರೆಸ್:
ಇಲ್ಲಿ ಬೋಟ್ ಎಲ್ಲಿದಾವೆ ಗುರು? ಕೆರೇಲಿ ತೆಪ್ಪ, ಹೊಳೇಲಿ ಹರಿಗೋಲು. ಅದಕ್ಕೆಲ್ಲ ಮೆಕ್ಯಾನಿಕ್ ಬೇಕಾ? ಸುಮ್ನೆ ಟ್ರ್ಯಾಕ್ಟರ್ ಶೋರೂಮ್ ಸೇರ್ಕೊ.

ಗೊರೂರು ಹಿನ್ನೀರು:
ಹಂಗೆ ಹೇಳ್ಬೇಡಿ. ಹೇಮಾವತಿ ಹಿನ್ನೀರಲ್ಲಿ ಮೀನು ಹಿಡಿಯೋರು ಇದಾರೆ, ಯಗಚಿಯಲ್ಲಿ ಸ್ಪೀಡ್ ಬೋಟು, ಜೆಟ್ ಸ್ಕೀ ಓಡಿವೆ, ಲಕ್ಕವಳ್ಳಿಯಲ್ಲಿ ಭದ್ರಾ ಸಫಾರಿ ಬೋಟ್ ಇದೆ. ಅಗ್ನಿಶಾಮಕದವ್ರ ಹತ್ರ ರಬ್ಬರ್ ಬೋಟ್ ಇರುತ್ತೆ. ಕಮ್ಮಿ ಇರಬಹುದು, ಇಲ್ಲವೇ ಇಲ್ಲ ಅನ್ನೋದು ತಪ್ಪು.

ಮಲ್ಪೆ ಧಕ್ಕೆ:
ತಮ್ಮಾ, ನಾನು ಟ್ರಾಲ್ ಬೋಟಿನ ಎಂಜಿನ್ ಕೆಲಸದವ. ಹೆಲ್ಪರ್ ಆಗಿ ಶುರು ಮಾಡಿದ್ದು, ಈಗ ನಂದೇ ಸಣ್ಣ ವರ್ಕ್‌ಶಾಪ್ ಉಂಟು. ನೀನು ಕೇಳಿದ್ದರಲ್ಲಿ ಎರಡು ಬೇರೆ ಬೇರೆ ಕೆಲಸ ಸೇರಿಕೊಂಡಿದೆ ಮಾರಾಯ, ಮೊದಲು ಅದನ್ನು ಬಿಡಿಸಿಕೊ.

ಒಂದು ಔಟ್‌ಬೋರ್ಡ್. ನಾಡದೋಣಿಗೆ, ಟೂರಿಸ್ಟ್ ಬೋಟಿಗೆ ಹಿಂದೆ ಕಚ್ಚಿಸುವುದು. ಇನ್ನೊಂದು ಇನ್‌ಬೋರ್ಡ್ ಡೀಸೆಲ್, ಅಂದ್ರೆ ಬಲೆ ಎಳೆಯುವ ಟ್ರಾಲ್ ಬೋಟ್, ಬಲೆ ಸುತ್ತು ಹಾಕುವ ಪರ್ಸಿನ್ ಬೋಟಿನ ಹೊಟ್ಟೆಯೊಳಗೆ ಕೂತಿರುವುದು. ಅಲ್ಲಿ ಎಂಜಿನ್ ಅರ್ಧ ಕೆಲಸ ಮಾತ್ರ. ಗೇರ್‌ಬಾಕ್ಸ್, ಶಾಫ್ಟ್ ಅಲೈನ್‌ಮೆಂಟ್, ಶಾಫ್ಟ್ ಬೋಟಿನಿಂದ ಹೊರಗೆ ಹೋಗುವ ಸ್ಟರ್ನ್ ಟ್ಯೂಬ್, ಅಲ್ಲಿ ನೀರು ತಡೆಯುವ ಗ್ಲ್ಯಾಂಡ್ ಪ್ಯಾಕಿಂಗ್ ಎಲ್ಲ ನಿನ್ನ ತಲೆಮೇಲೆ. ಗ್ಲ್ಯಾಂಡ್ ಜಾಸ್ತಿ ಬಿಗಿ ಮಾಡಿದರೆ ಶಾಫ್ಟ್ ಬಿಸಿಯಾಗಿ ಸವೆಯುತ್ತದೆ, ಸಡಿಲ ಬಿಟ್ಟರೆ ಬೋಟಿಗೆ ನೀರು ನುಗ್ಗುತ್ತದೆ. ಶಾಫ್ಟ್ ತಿರುಗುವಾಗ ಹನಿ ಹನಿ ಬೀಳುತ್ತಿರಬೇಕು. ಆ ಹದ ಪುಸ್ತಕದಲ್ಲಿ ಸಿಗುವುದಿಲ್ಲ.

ನಿನ್ನ ಡೀಸೆಲ್ ಐಟಿಐ ಇಲ್ಲಿ ವ್ಯರ್ಥ ಆಗುವುದಿಲ್ಲ. ಪಂಪು, ಇಂಜೆಕ್ಟರ್, ಟ್ಯಾಪೆಟ್ ಎಲ್ಲ ಅದೇ. ಹೊಸತು ಅಂದ್ರೆ ಉಪ್ಪು ನೀರು. ಎಂಜಿನ್ ಬಿಸಿಯನ್ನು ಸಮುದ್ರದ ನೀರಿಗೆ ಬಿಡುವ ಹೀಟ್ ಎಕ್ಸ್‌ಚೇಂಜರ್ ಒಳಗೆ ಉಪ್ಪು ಕಟ್ಟಿಕೊಳ್ಳುತ್ತದೆ, ಬೋಲ್ಟ್ ಬಿಚ್ಚುವಾಗ ತಲೆ ತುಂಡಾಗಿ ಕೈಗೆ ಬರುತ್ತದೆ. ಹಿತ್ತಾಳೆ, ಉಕ್ಕು, ಅಲ್ಯೂಮಿನಿಯಂ ಒಟ್ಟಿಗೆ ಉಪ್ಪು ನೀರಲ್ಲಿ ಇದ್ದರೆ ಒಂದು ಇನ್ನೊಂದನ್ನು ತಿಂದು ಹಾಕುತ್ತದೆ. ಅದಕ್ಕೇ ಆನೋಡ್ ಅಂತ ಸತುವಿನ ತುಂಡು ಹಾಕುವುದು. ಅದು ಕರಗಿ ಉಳಿದದ್ದನ್ನು ಕಾಯುತ್ತದೆ. ಈ ವಿದ್ಯೆ ಸಕಲೇಶಪುರದಲ್ಲಿ ಕೂತು ಬರುವುದಿಲ್ಲ.

ಸೀಸನ್ ವಿಷಯ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆ ಬಂದ್. ಬೋಟುಗಳೆಲ್ಲ ಬಂದು ನಿಲ್ಲುತ್ತವೆ. ಮೀನುಗಾರರಿಗೆ ರಜೆ, ನಮಗೆ ಆಗಲೇ ನಿಜವಾದ ದುಡಿಮೆ. ಆಗಸ್ಟಲ್ಲಿ ಬೋಟ್ ಇಳಿಯುವಾಗ ಎಂಜಿನ್ ತಯಾರಿರಬೇಕು, ಆಗ ಹಗಲು ರಾತ್ರಿ ಇಲ್ಲ.

ಆಲೂರು ಡೀಸೆಲ್:
ಅಣ್ಣ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಆದ್ರೆ ಜುಲೈ ಅಂದ್ರೆ ನಮ್ಮನೇಲಿ ಗದ್ದೆ ನಾಟಿ. ಅಪ್ಪಂಗೆ ಬೆನ್ನು ನೋವು, ಟಿಲ್ಲರ್ ಹಿಡಿಯೋನು ನಾನೇ. ಎರಡೂ ಒಂದೇ ಹೊತ್ತಿಗೆ ಬರುತ್ತಲ್ಲ.

ಸಕಲೇಶಪುರ ತೋಟ:
ಟಿಲ್ಲರ್ ಬಾಡಿಗೆಗೆ ಸಿಗುತ್ತೆ ಕಣಪ್ಪ, ಕಸುಬು ಬಾಡಿಗೆಗೆ ಸಿಗಲ್ಲ. ಒಂದು ವರ್ಷ ಚಿಕ್ಕಪ್ಪನ ಮಕ್ಕಳು ಯಾರನ್ನಾದ್ರೂ ಕರ್ಕೊಳ್ಳಿ.

ಇನ್ನೊಂದು ಮಾತು, ನಮ್ಮ ಕಡೆ ಎಸ್ಟೇಟ್‌ಗಳಿಗೆ ಒಳ್ಳೆ ಮೆಕ್ಯಾನಿಕ್ ಸಿಗದೆ ಒದ್ದಾಡ್ತಾ ಇದೀವಿ. ಸ್ಪ್ರಿಂಕ್ಲರ್ ಹಾಕೋ ವಾರ ಪಂಪ್ ಕೈಕೊಟ್ರೆ ಹೂವಿನ ಲೆಕ್ಕಾಚಾರವೇ ಹೋಗುತ್ತೆ. ಕೈ ಪಳಗಿದ ಹುಡುಗ್ರೆಲ್ಲ ಘಾಟಿ ಇಳಿದು ಹೋದ್ರೆ ತೋಟ ಯಾರು ನೋಡ್ಬೇಕು? ನಿನ್ನನ್ನ ತಡೀತಾ ಇಲ್ಲ, ಇಲ್ಲಿರೋ ಬೇಡಿಕೇನೂ ಕಣ್ಣಲ್ಲಿ ಇಟ್ಕೊ ಅಂತ.

ಚನ್ನರಾಯಪಟ್ಟಣ ಎಕ್ಸ್‌ಪ್ರೆಸ್:
ನೀರಿನ ಕೆಲಸವೇ ಬೇಕು ಅಂದ್ರೆ ಮರ್ಚೆಂಟ್ ನೇವಿಗೆ ಹೋಗು. ನಮ್ಮ ಪಕ್ಕದ ಬೀದಿ ಹುಡುಗ ಏಜೆಂಟ್ ಮೂಲಕ ಹೋದ, ಆರು ತಿಂಗಳ ಟ್ರೈನಿಂಗ್, ಡಾಲರ್ ಸಂಬಳ.

ಕೊಚ್ಚಿಯ ಕನ್ನಡಿಗ:
ದಯವಿಟ್ಟು ಏಜೆಂಟ್ ಅನ್ನೋ ಪದವನ್ನ ಇಲ್ಲಿ ಹಗುರವಾಗಿ ಬಳಸಬೇಡಿ. ಆರು ತಿಂಗಳದ್ದು ಜಿಪಿ ರೇಟಿಂಗ್, ಹಡಗಿನ ಡೆಕ್ಕಿಗೂ ಎಂಜಿನ್ ರೂಮಿಗೂ ಕೆಳಹಂತದ ಸಿಬ್ಬಂದಿ ತಯಾರು ಮಾಡೋ ತರಬೇತಿ. ಅದು ಕೇಂದ್ರ ಸರ್ಕಾರದ ಹಡಗು ಇಲಾಖೆ ಡಿಜಿ ಶಿಪ್ಪಿಂಗ್‌ನ ಮಾನ್ಯತೆ ಇರೋ ಸಂಸ್ಥೆಯಲ್ಲೇ ಆಗಬೇಕು, ಪಟ್ಟಿ ಅವರ ವೆಬ್‌ಸೈಟಲ್ಲಿದೆ. ಲಕ್ಷಗಟ್ಟಲೆ ಕಟ್ಟಿ, ಕೈಗೆ ಸಿಡಿಸಿ (ಹಡಗು ಸಿಬ್ಬಂದಿಯ ಗುರುತಿನ ಪುಸ್ತಕ) ಬಂದ ಮೇಲೂ ಹಡಗು ಸಿಗದೆ ಮನೇಲಿ ಕೂತಿರೋ ಹುಡುಗರನ್ನ ನೋಡಿದೀನಿ. ದುಡ್ಡು ತಗೊಂಡವನ ಫೋನ್ ಸ್ವಿಚ್ ಆಫ್. ಹುಡುಗರ ಜೀವನದ ಪ್ರಶ್ನೆ ಇದು.

ಆಮೇಲೆ, ಅದು ಬೋಟ್ ಮೆಕ್ಯಾನಿಕ್ ಕೆಲಸ ಅಲ್ಲವೇ ಅಲ್ಲ. ತಿಂಗಳುಗಟ್ಟಲೆ ಹಡಗಲ್ಲೇ ಇರೋ ನೌಕರಿ. ಬೋಟ್ ಮೆಕ್ಯಾನಿಕ್ ಸಂಜೆ ಮನೆಗೆ ಬರ್ತಾನೆ.

ಮಲ್ಪೆ ಧಕ್ಕೆ:
ಸಂಜೆ ಅಂತ ಗ್ಯಾರಂಟಿ ಇಲ್ಲ ಮಾರ್ರೆ, ಬೋಟ್ ನಡುರಾತ್ರಿ ಬಂದರೆ ನಡುರಾತ್ರಿಯೇ ಹೋಗಬೇಕು. ಉಳಿದದ್ದು ಸರಿಯಾಗಿ ಹೇಳಿದ್ದೀರಿ.

ವರ್ಕ್‌ಶಾಪ್ ಟೀಚರ್:
ನಾನು ಐಟಿಐಯಲ್ಲಿ ಕಿರಿಯ ತರಬೇತಿ ಅಧಿಕಾರಿ. ಕೋರ್ಸ್ ಬಗ್ಗೆ ಕೇಳಿದ್ದಕ್ಕೆ ಹೇಳ್ತೀನಿ.

ಕೊಚ್ಚಿಯಲ್ಲಿ ಸಿಫ್‌ನೆಟ್ ಅಂತ ಕೇಂದ್ರ ಸರ್ಕಾರದ ಸಂಸ್ಥೆ ಇದೆ. 1963ರಲ್ಲಿ ಶುರುವಾಗಿದ್ದು, ಮೀನುಗಾರಿಕೆ ಹಡಗುಗಳಿಗೆ ಸಿಬ್ಬಂದಿ ತಯಾರು ಮಾಡೋದೇ ಅದರ ಕೆಲಸ. ಚೆನ್ನೈ, ವಿಶಾಖಪಟ್ಟಣದಲ್ಲೂ ಘಟಕಗಳಿವೆ. ಅಲ್ಲಿ ಎರಡು ವರ್ಷದ ಮರೈನ್ ಫಿಟ್ಟರ್ ಕೋರ್ಸ್ ಇದೆ, ಹತ್ತನೇ ತರಗತಿ ಮೇಲೆ. ಗಣಿತ, ವಿಜ್ಞಾನದ ಅಂಕ ನೋಡ್ತಾರೆ, ಪ್ರವೇಶ ಪರೀಕ್ಷೆ ಬರೀಬೇಕು. ಆದರೆ ವಯಸ್ಸಿನ ಮಿತಿ ಬಿಗಿಯಾಗಿದೆ, ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳಿಗೇ ಅಂತ ಮಾಡಿರೋದು. 22ಕ್ಕೆ ಕಷ್ಟ. ಇದನ್ನ ಓದ್ತಿರೋ ಬೇರೆ ಅಪ್ಪ-ಅಮ್ಮಂದಿರು ಮಕ್ಕಳಿಗೆ ಹೇಳಿ. ನಮ್ಮ ಜಿಲ್ಲೆಯ ಮಕ್ಕಳಿಗೆ ಇಂಥದ್ದೊಂದು ಇದೆ ಅನ್ನೋದೇ ತಲುಪ್ತಾ ಇಲ್ಲ ಅನ್ನೋದು ನನಗೆ ನಿಜವಾಗಲೂ ಬೇಜಾರು.

ಡೀಸೆಲ್ ಐಟಿಐ ಆಗಿರೋ ನಿಮಗೆ ಅಪ್ರೆಂಟಿಸ್ ದಾರಿ ಒಳ್ಳೇದು. ಕಾರವಾರದ ನೌಕಾಪಡೆ ಹಡಗು ರಿಪೇರಿ ಯಾರ್ಡ್ ಐಟಿಐ ಆದವರನ್ನ ಅಪ್ರೆಂಟಿಸ್ ಆಗಿ ತಗೊಳ್ಳುತ್ತೆ, ಮೆಕ್ಯಾನಿಕ್ ಡೀಸೆಲ್ ಟ್ರೇಡೂ ಇರುತ್ತೆ. ಅಧಿಸೂಚನೆ ಬಂದಾಗ ವಯಸ್ಸು, ಅಂಕ ಎರಡನ್ನೂ ಓದಿಕೊಂಡೇ ಅರ್ಜಿ ಹಾಕಿ.

ಕೊಚ್ಚಿಯ ಕನ್ನಡಿಗ:
ಮೇಡಂ ಹೇಳಿದ್ದಕ್ಕೆ ಇನ್ನೊಂದು ಸೇರಿಸ್ತೀನಿ. ಮಲ್ಪೆಯಲ್ಲೇ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಇದೆ. ಮೊದಲು ಟೆಬ್ಮಾ ಅಂತಿತ್ತು, 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ತಗೊಂಡಿತು. ದೊಡ್ಡ ಹಡಗುಗಳನ್ನ ಎಳೆಯೋ ಟಗ್‌ಗಳನ್ನ ಕಟ್ತಾರೆ, ನಾರ್ವೆ ಕಂಪನಿಗೆ ಸರಕು ಹಡಗೂ ಕಟ್ಟಿದಾರೆ. ಧಕ್ಕೆ ಗ್ಯಾರೇಜಿಗೂ ಯಾರ್ಡಿಗೂ ವ್ಯತ್ಯಾಸ ಇದೆ. ಯಾರ್ಡಲ್ಲಿ ಡ್ರಾಯಿಂಗ್ ಓದೋದು, ಅಳತೆ, ಸುರಕ್ಷತೆ ಕಲೀತೀರಿ. ಧಕ್ಕೆಯಲ್ಲಿ ಕೆಟ್ಟಿದ್ದನ್ನ ರಾತ್ರೋರಾತ್ರಿ ಓಡಿಸೋದು ಕಲೀತೀರಿ.

ಅರಸೀಕೆರೆ ತೆಂಗು:
ಮುಂದೆ ಎಲ್ಲ ಬ್ಯಾಟರಿ ಬೋಟೇ ಅಂತಾರಲ್ಲ. ಆಗ ಎಂಜಿನ್ ಕಲಿತೋರು ಏನ್ ಮಾಡ್ಬೇಕು?

ಕೊಚ್ಚಿಯ ಕನ್ನಡಿಗ:
ಕೊಚ್ಚಿ ವಾಟರ್ ಮೆಟ್ರೋ 2023ರ ಏಪ್ರಿಲ್‌ನಲ್ಲಿ ಶುರುವಾಯ್ತು, ಬ್ಯಾಟರಿ ಹೈಬ್ರಿಡ್ ಬೋಟು, ಕೊಚ್ಚಿನ್ ಶಿಪ್‌ಯಾರ್ಡೇ ಕಟ್ಟಿದ್ದು. ದಿನಾ ಅದರಲ್ಲೇ ಕೆಲಸಕ್ಕೆ ಹೋಗ್ತೀನಿ. ಶಾಫ್ಟು, ಪ್ರೊಪೆಲ್ಲರ್, ಸೀಲು, ತುಕ್ಕು ಇವೆಲ್ಲ ಬ್ಯಾಟರಿ ಬೋಟಿಗೂ ಇದ್ದೇ ಇರುತ್ತೆ. ಮೀನುಗಾರಿಕೆ ಬೋಟು ದಿನಗಟ್ಟಲೆ ಸಮುದ್ರದಲ್ಲಿ ನಿಲ್ಲಬೇಕು, ಅಲ್ಲಿ ಡೀಸೆಲ್ ಇನ್ನೂ ಬಹಳ ಕಾಲ ಇರುತ್ತೆ. ಎಲೆಕ್ಟ್ರಿಕಲ್ ಜೊತೇಲಿ ಕಲಿತರೆ ಒಳ್ಳೇದು ಅಷ್ಟೆ.

ಲಕ್ಕವಳ್ಳಿ ಭದ್ರಾ:
ನಾನು ಈ ಕಡೆ ಬೋಟ್ ಓಡಿಸೋನು, ಓಡಿಸೋನ ಕಷ್ಟ ಹೇಳ್ತೀನಿ ಕೇಳಿ.

ಸಿಹಿನೀರು ಅಂದ್ರೆ ಸಲೀಸು ಅಂತ ಎಲ್ಲರ ನಂಬಿಕೆ. ತುಕ್ಕು ಕಮ್ಮಿ ನಿಜ. ಆದರೆ ಡ್ಯಾಮಲ್ಲಿ ನೀರು ಇಳಿದ ಹಾಗೆ ಮುಳುಗಿದ್ದ ಮರದ ಬೊಡ್ಡೆ ಮೇಲಕ್ಕೆ ಬರುತ್ತೆ, ಫ್ಯಾನಿಗೆ ಬಡಿಯುತ್ತೆ. ಹೂಳು ನೀರು ಎಳ್ಕೊಂಡು ವಾಟರ್ ಪಂಪಿನ ರಬ್ಬರ್ ಇಂಪೆಲ್ಲರ್ ಸವೆದು ಹೋಗುತ್ತೆ. ಔಟ್‌ಬೋರ್ಡಲ್ಲಿ ಹಿಂದಿನ ತೂತಿಂದ ನೀರಿನ ಧಾರೆ ಬರ್ತಿದ್ಯಾ ಅಂತ ಸ್ಟಾರ್ಟ್ ಮಾಡಿದ ತಕ್ಷಣ ನೋಡ್ಬೇಕು. ಧಾರೆ ನಿಂತ್ರೆ ಎಂಜಿನ್ ಆಫ್ ಮಾಡ್ಬೇಕು, ಇನ್ನೊಂದು ಸುತ್ತು ಹೋಗಿ ಬರೋಣ ಅನ್ನಂಗಿಲ್ಲ.

ಎಲ್ಲಕ್ಕಿಂತ ದೊಡ್ಡ ಶತ್ರು ಹರಿದ ಬಲೆ ದಾರ. ಪ್ರೊಪೆಲ್ಲರ್ ಶಾಫ್ಟಿಗೆ ಸುತ್ಕೊಂಡು ಆಯಿಲ್ ಸೀಲ್ ಕತ್ತರಿಸುತ್ತೆ. ಗೇರ್ ಕೇಸಿಗೆ ನೀರು ಹೋಗುತ್ತೆ. ಕೆಳಗಿನ ಬೋಲ್ಟ್ ತೆಗೆದಾಗ ಆಯಿಲ್ ಹಾಲು ಜಾಸ್ತಿ ಹಾಕಿದ ಕಾಫಿ ಥರ ಬಂದ್ರೆ ಸೀಲ್ ಹೋಗಿದೆ ಅಂತ ಅರ್ಥ. ಆಗ ಏನ್ಮಾಡ್ಬೇಕು? ಮಂಗಳೂರಿಂದಲೋ ಬೆಂಗಳೂರಿಂದಲೋ ಮೆಕ್ಯಾನಿಕ್ ಬರ್ಬೇಕು, ಅಲ್ಲೀ ತನಕ ಬೋಟ್ ದಡದಲ್ಲಿ. ಬೇಸಿಗೇಲಿ ದ್ವೀಪದ ಮೇಲೆ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆ ಇಡೋ ಹೊತ್ತಿಗೆ ಫೋಟೋ ತೆಗೆಯೋರು ದೂರದೂರದಿಂದ ಬಂದಿರ್ತಾರೆ, ಆಗ ಬೋಟ್ ನಿಂತ್ರೆ ಎಷ್ಟು ಬೇಜಾರಾಗುತ್ತೆ ಗೊತ್ತಾ. ತರೀಕೆರೆ, ಕಡೂರು, ಬೇಲೂರು ಸುತ್ತ ಫೋನ್ ಮಾಡಿದ ದಿನವೇ ಬರೋ ಒಬ್ಬ ಹುಡುಗ ಇದ್ರೆ ಅವನನ್ನ ತಲೆ ಮೇಲೆ ಹೊತ್ಕೋತೀವಿ.

ಆಲೂರು ಡೀಸೆಲ್:
ನೀವು ಹೇಳಿದ್ದು ಓದಿ ತುಂಬಾ ಧೈರ್ಯ ಬಂತು ಅಣ್ಣ. ಆನೋಡ್ ಸಿಹಿನೀರಲ್ಲೂ ಸತುವಿಂದೇ ಹಾಕ್ತಾರಾ?

ಲಕ್ಕವಳ್ಳಿ ಭದ್ರಾ:
ನಮ್ಮದು ಕಂಪನಿಯಿಂದ ಬಂದಾಗ ಇದ್ದಿದ್ದೇ ಇದೆ, ಬದಲಾಯಿಸಿಲ್ಲ.

ಮಲ್ಪೆ ಧಕ್ಕೆ:
ಸಿಹಿನೀರಲ್ಲಿ ಸತುವಿನ ಮೇಲೆ ಒಂದು ಪದರ ಕಟ್ಟಿ ಅದು ಕೆಲಸ ನಿಲ್ಲಿಸುತ್ತದೆ. ಮೆಗ್ನೀಸಿಯಂ ಒಳ್ಳೆಯದು. ಅಳಿವೆ ಬಾಗಿಲಿನ ಮಿಶ್ರ ನೀರಿಗೆ ಅಲ್ಯೂಮಿನಿಯಂ. ಮೆಗ್ನೀಸಿಯಂ ಹಾಕಿಕೊಂಡು ಸಮುದ್ರಕ್ಕೆ ಇಳಿಸಬೇಡಿ, ಬೇಗ ಬೇಗ ಕರಗಿ ಹೋಗ್ತದೆ. ಪ್ರಶ್ನೆ ಒಳ್ಳೆಯದು ಕೇಳಿದ್ದೀ ತಮ್ಮಾ, ಕಲಿಯುವ ಬುದ್ಧಿ ಉಂಟು ನಿನಗೆ.

ಮೂಡಿಗೆರೆ ಅಕ್ಕ:
ಮಕ್ಕಳನ್ನ ಕರ್ಕೊಂಡು ಬೋಟ್ ಹತ್ತೋ ನಮ್ಮಂಥೋರಿಗೂ ಒಂದೆರಡು ಮಾತು ಹೇಳಿ. ಏನು ನೋಡಿ ಹತ್ತಬೇಕು? ಲೈಫ್ ಜಾಕೆಟ್ ಬಿಟ್ಟು ನಂಗೆ ಬೇರೇನೂ ಗೊತ್ತಾಗಲ್ಲ.

ಲಕ್ಕವಳ್ಳಿ ಭದ್ರಾ:
ಜಾಕೆಟ್ ಹಾಕಿದ್ರೆ ಸಾಲದು ಅಕ್ಕ, ಬಕಲ್ ಹಾಕಿ ಬಿಗಿ ಮಾಡಿರ್ಬೇಕು, ಮಕ್ಕಳಿಗೆ ಮಕ್ಕಳ ಅಳತೇದೇ ಬೇಕು. ಸ್ಪೀಡ್ ಬೋಟ್, ಜೆಟ್ ಸ್ಕೀ ಓಡಿಸೋನ ಮೈಗೆ ಕಿಲ್ ಸ್ವಿಚ್ ದಾರ ಸಿಕ್ಕಿಸಿರುತ್ತೆ. ಅವನು ನೀರಿಗೆ ಬಿದ್ರೆ ದಾರ ಕಿತ್ಕೊಂಡು ಎಂಜಿನ್ ತಾನೇ ನಿಲ್ಲುತ್ತೆ. ಆ ದಾರ ಸ್ವಿಚ್ಚಲ್ಲೇ ನೇತಾಡ್ತಾ ಇದ್ರೆ ಹತ್ತಬೇಡಿ, ನಾಚ್ಕೆ ಬಿಟ್ಟು ಕೇಳಿ.

ಮಲ್ಪೆ ಧಕ್ಕೆ:
ಪೆಟ್ರೋಲ್ ಎಂಜಿನ್ ಒಳಗೆ ಕೂತಿರುವ ಬೋಟಾದರೆ ಇನ್ನೊಂದು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬೋಟಿನ ತಳದಲ್ಲಿ ನಿಲ್ಲುತ್ತದೆ. ಬ್ಲೋವರ್ ಹಾಕಿ ಹೊರಗೆ ಕಳಿಸಿಯೇ ಸ್ಟಾರ್ಟ್ ಮಾಡಬೇಕು. ಕಾರಿನ ಸ್ಟಾರ್ಟರ್, ಕಾರಿನ ಡೈನಮೋ ಅಗ್ಗಕ್ಕೆ ಸಿಗುತ್ತದೆ ಅಂತ ಅಲ್ಲಿ ಹಾಕುವವರು ಇದ್ದಾರೆ. ಬೋಟಿನದ್ದು ಕಿಡಿ ಹೊರಗೆ ಬಾರದ ಹಾಗೆ ಮುಚ್ಚಿ ಮಾಡಿರುತ್ತಾರೆ, ಕಾರಿನದ್ದು ಹಾಗಲ್ಲ. ಇದರಲ್ಲಿ ದುಡ್ಡು ಉಳಿಸಲು ಹೋದರೆ ಜೀವ ಹೋಗುತ್ತದೆ. ಓನರ್ ಎಷ್ಟೇ ಒತ್ತಾಯ ಮಾಡಿದರೂ ನಾನು ಹಾಕಿಕೊಡುವುದಿಲ್ಲ.

ಹಿರೇಕೊಳಲೆ ರಸ್ತೆ:
ವಿಷಯ ಬದಲಾಯಿಸ್ತೀನಿ, ಕ್ಷಮಿಸಿ. ಹಿರೇಕೊಳಲೆ ಕೆರೆ, ಅಯ್ಯನಕೆರೆ ಎಲ್ಲ ಕಡೆ ಮೋಟರ್ ಬೋಟ್ ಬರಲಿ ಅಂತ ಯಾರೂ ಆಸೆ ಪಡಬೇಡಿ. ಹಿರೇಕೊಳಲೆ ಚಿಕ್ಕಮಗಳೂರಿಗೆ ಕುಡಿಯೋ ನೀರು. ಎಣ್ಣೆ ತೇಲೋ ನೀರು ಯಾರಿಗೆ ಬೇಕು?

ಗೊರೂರು ಹಿನ್ನೀರು:
ಒಪ್ತೀನಿ. ಹೇಮಾವತಿ ಹಿನ್ನೀರಲ್ಲಿ ಮುಳುಗೋ ಶೆಟ್ಟಿಹಳ್ಳಿ ಚರ್ಚ್ ಹತ್ರಾನೂ ಜನ ಸದ್ದಿಲ್ಲದ ತೆಪ್ಪದಲ್ಲೇ ಹೋದ್ರೆ ಚೆಂದ.

ಆಲೂರು ಡೀಸೆಲ್:
ಹಳೇ ಟೂ ಸ್ಟ್ರೋಕಲ್ಲಿ ಪೆಟ್ರೋಲ್ ಜೊತೆ ಆಯಿಲ್ಲೂ ಉರಿದು ನೀರಿಗೇ ಹೋಗುತ್ತೆ, ನಿಜ. ಫೋರ್ ಸ್ಟ್ರೋಕಲ್ಲಿ ಆ ತೊಂದ್ರೆ ಕಮ್ಮಿ. ಕುಡಿಯೋ ನೀರಿನ ಕೆರೆಗೆ ಎಂಜಿನ್ನೇ ಬೇಡ ಅನ್ನೋದಕ್ಕೆ ನನ್ನ ಒಪ್ಪಿಗೆ ಇದೆ.

ಸಕಲೇಶಪುರ ತೋಟ:
ಈ ಹುಡುಗ ಉದ್ಧಾರ ಆಗ್ತಾನೆ.

ಕೊಪ್ಪದ ಶೆಟ್ರು:
ನಮ್ಮ ಭಾವ ಗಂಗೊಳ್ಳಿಯಲ್ಲಿ ನಾಡದೋಣಿ ಎಂಜಿನ್ ರಿಪೇರಿ ಮಾಡ್ತಾರೆ. ಸೀಮೆಎಣ್ಣೆ ಎಂಜಿನ್ನಿನದ್ದೇ ಬೇರೆ ಪಾಠ. ಪೆಟ್ರೋಲಲ್ಲಿ ಸ್ಟಾರ್ಟ್ ಮಾಡಿ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸೋದು. ಮಸಿ ಕಟ್ಟೋದು, ಪ್ಲಗ್ ಕಪ್ಪಾಗೋದು ದಿನನಿತ್ಯ. ನಿಷೇಧದ ಹೊತ್ತಲ್ಲೂ 10 ಎಚ್‌ಪಿ ಒಳಗಿನ ನಾಡದೋಣಿಗಳಿಗೆ ವಿನಾಯಿತಿ ಇರೋದರಿಂದ ಮಳೆಗಾಲದಲ್ಲೂ ಅವರಿಗೆ ಕೆಲಸ ಉಂಟು. ಔಟ್‌ಬೋರ್ಡ್ ಕೈ ಪಳಗಬೇಕು ಅಂದ್ರೆ ಮಲ್ಪೆ ಒಂದೇ ಅಲ್ಲ, ಗಂಗೊಳ್ಳಿ, ಹೊನ್ನಾವರ ಕಡೆಯೂ ವಿಚಾರಿಸು.

ಮಲ್ಪೆ ಧಕ್ಕೆ:
ಹೌದು, ಡ್ಯಾಮಿನ ಬೋಟ್ ನಿನ್ನ ಗುರಿ ಆದರೆ ಔಟ್‌ಬೋರ್ಡೇ ಮೊದಲು ಕಲಿ. ನನ್ನಲ್ಲಿಗೆ ಬಂದರೆ ದೊಡ್ಡ ಡೀಸೆಲ್ ಮಾತ್ರ ಸಿಗುತ್ತದೆ.

ಅರಸೀಕೆರೆ ತೆಂಗು:
ಸಂಬಳ ಎಷ್ಟು ಅಂತ ಯಾರೂ ಹೇಳ್ತಾ ಇಲ್ಲ. ಅದೇ ಅಲ್ವಾ ಮುಖ್ಯ?

ಕೊಪ್ಪದ ಶೆಟ್ರು:
ಶುರುವಿಗೆ ಹೆಲ್ಪರ್ ಕೂಲಿ. ಊಟ, ಮಲಗೋ ಜಾಗ, ಕೈಖರ್ಚು. ಸ್ವಂತ ಟೂಲ್ಸ್ ಬಂದು, ಬೋಟಿನವರು ಹೆಸರು ಹಿಡಿದು ಕರೆಯೋಕೆ ಶುರು ಮಾಡಿದ ಮೇಲೆ ಲೆಕ್ಕ ಬೇರೆ. ಇವತ್ತು ಯಾರಾದ್ರೂ ತಿಂಗಳಿಗೆ ಇಷ್ಟು ಅಂತ ಬಾಯಿಮಾತಲ್ಲಿ ಹೇಳಿದ್ರೆ ನಂಬಬೇಡ.

ವರ್ಕ್‌ಶಾಪ್ ಟೀಚರ್:
ಕಾನೂನು ಕಡೆಯಿಂದಲೂ ನೋಡಿ. 1917ರ ಒಳನಾಡು ಹಡಗು ಕಾಯ್ದೆ ಹೋಗಿ 2021ರಲ್ಲಿ ಹೊಸ ಒಳನಾಡು ನೌಕೆ ಕಾಯ್ದೆ ಬಂದಿದೆ. ಎಂಜಿನ್ ಇರೋ ಬೋಟಿಗೆ ನೋಂದಣಿ, ಸರ್ವೆ, ಸಿಬ್ಬಂದಿಗೆ ಸರ್ಟಿಫಿಕೇಟ್ ಅಂತ ನಿಯಮ ಬಿಗಿಯಾಗಿದೆ. ಎಂಜಿನ್ ಸರ್ವೀಸ್ ದಾಖಲೆ ನೀಟಾಗಿ ಬರೆದಿಡೋ ಮೆಕ್ಯಾನಿಕ್‌ಗೆ ಬೆಲೆ ಬರುತ್ತೆ. ನಮ್ಮ ಹುಡುಗರು ಕೆಲಸ ಚೆನ್ನಾಗಿ ಮಾಡ್ತಾರೆ, ಬರೆದಿಡಲ್ಲ. ಈಗಿಂದಲೇ ಒಂದು ಪುಸ್ತಕ ಇಟ್ಕೊಳ್ಳಿ, ಯಾವ ಎಂಜಿನ್, ಎಷ್ಟು ಗಂಟೆ ಓಡಿದೆ, ಏನು ಬದಲಾಯಿಸಿದ್ರಿ ಅಂತ.

ಚನ್ನರಾಯಪಟ್ಟಣ ಎಕ್ಸ್‌ಪ್ರೆಸ್:
ಸಿಗಂದೂರು ಲಾಂಚ್ ನೋಡಿ. 2025ರ ಜುಲೈನಲ್ಲಿ ಸೇತುವೆ ಆಯ್ತು, ಲಾಂಚಿಗಿದ್ದ ಕ್ಯೂ ಹೋಯ್ತು. ಸೇತುವೆ ಬಂದ ಕಡೆ ಬೋಟಿನ ಕೆಲಸ ಹೋಗುತ್ತೆ. ನನ್ನ ಮಾತು ಕಠಿಣ ಅನ್ನಿಸಿದ್ರೂ ಹುಡುಗನ ಒಳ್ಳೇದಕ್ಕೇ ಹೇಳ್ತಿರೋದು. ಡ್ಯಾಮ್ ಬೋಟ್ ಮಳೆಗಾಲದಲ್ಲಿ ನಿಲ್ಲುತ್ತೆ, ನೀರು ಇಳಿದ್ರೂ ನಿಲ್ಲುತ್ತೆ. ಒಂದು ಡ್ಯಾಮ್ ನಂಬ್ಕೊಂಡು ಸಂಸಾರ ಮಾಡೋಕಾಗಲ್ಲ.

ಲಕ್ಕವಳ್ಳಿ ಭದ್ರಾ:
ಇದು ಮಾತ್ರ ನಿಜ. ಬೋಟ್ ಕೆಲಸ ಒಂದನ್ನೇ ನಂಬಿ ಇಲ್ಲಿ ಅಂಗಡಿ ಇಟ್ರೆ ವರ್ಷದಲ್ಲಿ ಅರ್ಧ ಶಟರ್ ಹಾಕಿರ್ಬೇಕಾಗುತ್ತೆ.

ಸಕಲೇಶಪುರ ತೋಟ:
ಅದಕ್ಕೇ ಎರಡೂ ಸೇರಿಸ್ಕೊ ಅನ್ನೋದು. ಫೆಬ್ರವರಿ-ಮಾರ್ಚಲ್ಲಿ ಎಸ್ಟೇಟ್ ಪಂಪ್. ಮಳೇಲಿ ಕಳೆ ಮೆಷಿನ್. ರಜಾ ದಿನಗಳು, ಬೇಸಿಗೆಯಲ್ಲಿ ಡ್ಯಾಮ್ ಬೋಟು, ಬೋಟ್ ನಿಂತಾಗ ಅದರ ಪೂರ್ತಿ ಸರ್ವೀಸು. ಸಣ್ಣ ಎಂಜಿನ್ ಬಿಚ್ಚೋನಿಗೆ ನಮ್ಮ ಮಲೆನಾಡಲ್ಲಿ ವರ್ಷಪೂರ್ತಿ ಕೆಲಸ ಇದೆ, ಬೋಟ್ ಗೊತ್ತಿರೋನಿಗೆ ಅದರ ಮೇಲೊಂದು ಕೈ. ಬೇಲೂರು-ಹಾಸನ ನಡುವೆ ಅಂಗಡಿ ಹಾಕಿದ್ರೆ ನಮ್ಮ ತೋಟದ ಮೆಷಿನ್ ಪೂರ್ತಿ ನಿಂಗೇ ಕೊಡ್ತೀನಿ, ಇದು ಬರೀ ಬಾಯಿಮಾತಲ್ಲ.

ಮೂಡಿಗೆರೆ ಅಕ್ಕ:
ತಮ್ಮ, ಅಮ್ಮನ ವಿಷಯ ಯಾರೂ ಮಾತಾಡಿಲ್ಲ. ನಿಂಗೆ ಈಜು ಬರುತ್ತಾ?

ಆಲೂರು ಡೀಸೆಲ್:
ಬಾವೀಲಿ ಈಜ್ತೀನಿ ಅಕ್ಕ. ಸಮುದ್ರದಲ್ಲಿ ಇಳಿದಿಲ್ಲ.

ಮಲ್ಪೆ ಧಕ್ಕೆ:
ಬಾವಿಯಲ್ಲಿ ಈಜುವವ ಅಲೆಗೆ ಹೆದರಬೇಕು, ಅದು ಒಳ್ಳೆಯದೇ. ಮೆಕ್ಯಾನಿಕ್ ಕೆಲಸ ಹೆಚ್ಚಿನಂಶ ಧಕ್ಕೆಯಲ್ಲೇ. ರಿಪೇರಿ ಆದ ಮೇಲೆ ಟ್ರಯಲ್‌ಗೆ ಮಾತ್ರ ಹೊರಗೆ ಹೋಗುವುದು, ಜಾಕೆಟ್ ಹಾಕಿಕೊಂಡು. ಅಮ್ಮನನ್ನು ಒಂದು ಸಲ ಕರ್ಕೊಂಡು ಬಾ. ಧಕ್ಕೆ ನೋಡಲಿ, ನೀನು ಮಲಗುವ ಕೋಣೆ ನೋಡಲಿ. ಹೆಂಗಸರು ಬುಟ್ಟಿ ಹಿಡಿದುಕೊಂಡು ಎಷ್ಟು ಜನ ಕೆಲಸ ಮಾಡ್ತಾರೆ ನೋಡಲಿ. ಕಾಣದ್ದಕ್ಕೆ ಹೆದರಿಕೆ ಜಾಸ್ತಿ.

ಅರಸೀಕೆರೆ ತೆಂಗು:
ಊಟ? ಮುದ್ದೆ ತಿನ್ನೋ ಹುಡುಗ ಕುಚ್ಚಲಕ್ಕಿಗೆ ಹೊಂದ್ಕೊಳ್ತಾನಾ?

ಮಲ್ಪೆ ಧಕ್ಕೆ:
ಬಂಗುಡೆ ಪುಳಿಮುಂಚಿ ಒಂದು ಸಲ ಉಂಡರೆ ಕುಚ್ಚಲಕ್ಕಿ ತಾನಾಗಿ ಇಳಿಯುತ್ತದೆ. ತುಳು ಸ್ವಲ್ಪ ಕಲಿತುಕೊಳ್ಳಬೇಕು, ಬೋಟಿನವರು ಗಡಿಬಿಡಿಯಲ್ಲಿ ಕನ್ನಡಕ್ಕೆ ತಿರುಗಿಸಿ ಹೇಳುವುದಿಲ್ಲ.

ಆಲೂರು ಡೀಸೆಲ್:
ಎಲ್ಲರ ಮಾತೂ ಓದಿದೆ, ಅಪ್ಪ-ಅಮ್ಮಂಗೂ ಓದಿ ಹೇಳಿದೆ. ಕಾರವಾರದ ಅಪ್ರೆಂಟಿಸ್ ಅಧಿಸೂಚನೆ ಬಂದ್ರೆ ಅರ್ಜಿ ಹಾಕ್ತೀನಿ. ಈ ಮಳೆಗಾಲ ನಾಟಿ ಬಿಡೋಕಾಗಲ್ಲ, ಅಪ್ಪನ್ನ ನೋಡಿದ್ರೆ ಮನಸ್ಸು ಬರ್ತಿಲ್ಲ. ಸೆಪ್ಟೆಂಬರಲ್ಲಿ ಗಂಗೊಳ್ಳಿಗೆ ಹೋಗಿ ಔಟ್‌ಬೋರ್ಡ್ ಕಲೀತೀನಿ. ಬರೋ ಜೂನಿಗೆ ಮಲ್ಪೆ ಅಣ್ಣನ ಹತ್ರ. ಶೆಟ್ರೆ, ನಿಮ್ಮ ಭಾವ ಹೊಸಬರನ್ನ ಸೇರಿಸ್ಕೊಳ್ತಾರಾ?

ಕೊಪ್ಪದ ಶೆಟ್ರು:
ಕೇಳ್ತೀನಿ. ನಂಬರ್ ಇಲ್ಲಿ ಹಾಕಬೇಡ, ಖಾಸಗಿ ಮೆಸೇಜಲ್ಲಿ ಕಳಿಸು.

ಮಲ್ಪೆ ಧಕ್ಕೆ:
ಜೂನ್ ಅಲ್ಲ, ಮೇ ಕೊನೆಗೇ ಬಾ. ಬೋಟ್ ಮೇಲೆ ಎಳೆಯುವುದರಿಂದಲೇ ಪಾಠ ಶುರು. ಅಷ್ಟರೊಳಗೆ ಅಪ್ಪನಿಗೆ ಟಿಲ್ಲರ್ ಹಿಡಿಯುವ ಜನ ಮಾಡಿಡು.

ಸಕಲೇಶಪುರ ತೋಟ:
ಆ ವರ್ಷ ಟಿಲ್ಲರಿಗೆ ನಮ್ಮ ಹುಡುಗನನ್ನ ಕಳಿಸ್ತೀನಿ. ಆಲೂರು ಎಷ್ಟು ದೂರ ಮಹಾ.

ವರ್ಕ್‌ಶಾಪ್ ಟೀಚರ್:
ಅಪ್ರೆಂಟಿಸ್ ಪೋರ್ಟಲಲ್ಲಿ ಈಗಲೇ ನೋಂದಣಿ ಮಾಡಿಡಿ. ಆಧಾರಲ್ಲಿರೋ ಹೆಸರು, ಐಟಿಐ ಅಂಕಪಟ್ಟೀಲಿರೋ ಹೆಸರು ಒಂದೇ ಇದ್ಯಾ ನೋಡ್ಕೊಳ್ಳಿ, ಅಲ್ಲೇ ಬಹಳ ಅರ್ಜಿ ಸಿಕ್ಕಿ ಬೀಳೋದು.

ಆಲೂರು ಡೀಸೆಲ್:
ಇನಿಷಿಯಲ್ ಬೇರೆ ಇದೆ ಮೇಡಂ. ನಾಳೆ ಹಾಸನಕ್ಕೆ ಹೋಗಿ ಸರಿ ಮಾಡಿಸ್ತೀನಿ.